ಘೋಡಬಂದರ್ ರಸ್ತೆಯ ರಬ್ಬರ್ ಶಾಸನ: ಒಂದು ಪರಿಷ್ಕೃತ ಪಾಠ

ಬಿ. ಎಲ್. ರೈಸ್ ಅವರು 1886ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೊದಲ ಸಂಪುಟ ತಂದ ಮೇಲೆ ನಮ್ಮ ವಿದ್ವಾಂಸರು ಕಲ್ಲು, ತಾಮ್ರ, ಕಂಬ, ಗಂಟೆ ಎಲ್ಲವನ್ನೂ ಓದಿದರು. ಟೈರಿನ ಪಕ್ಕೆಯೊಂದು ಉಳಿದುಹೋಗಿತ್ತು. ಆ ಕೊರತೆಯನ್ನು ಇಲ್ಲಿ ತುಂಬಲಾಗಿದೆ.

ಶಾಸನ ದೊರೆತದ್ದು ಠಾಣೆಯ ಘೋಡಬಂದರ್ ರಸ್ತೆಯಲ್ಲಿ, ವಾಘ್‌ಬೀಳ್ ಬಳಿಯ ಸೊಸೈಟಿಯೊಂದರ ನೆಲಮಾಳಿಗೆಯಲ್ಲಿ, ಕುಂದಾಪುರ ಕಡೆಯ ಗೃಹಸ್ಥರೊಬ್ಬರ ಮಾರುತಿ ಜಿಮ್ನಿಯ ಮೇಲೆ. ಲಿಪಿ ರೋಮನ್, ಅಕ್ಷರಗಳು ಉಬ್ಬು, ಕೆಸರು ಕೆರೆದರೆ ಸ್ಪಷ್ಟ. ಪಾಠ: '195/80 ಆರ್15 96ಎಸ್'. ಕಾಲನಿರ್ಣಯಕ್ಕೆ '1823' ಎಂಬ ನಾಲ್ಕಂಕಿ ಇದೆ. ಎಂದರೆ 2023ರ ಹದಿನೆಂಟನೆಯ ವಾರ. ಸಂವತ್ಸರ, ತಿಥಿ, ಗ್ರಹಣಗಳನ್ನು ತಾಳೆ ಹಾಕುತ್ತ ಕಣ್ಣು ಸವೆಸಿದ ಶಾಸನತಜ್ಞ ಫ್ಲೀಟ್ ಸಾಹೇಬರಿಗೆ ಇಂಥ ಭಾಗ್ಯ ಎಲ್ಲಿಂದ ಬರಬೇಕು?

ಅಗಲ 195 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇ. 80, ರಿಮ್ 15 ಇಂಚು. ಇಷ್ಟರಲ್ಲಿ ತಕರಾರಿಲ್ಲ. ಜಗಳವೆಲ್ಲ 96ರದು. ಅದು 96 ಕಿಲೋ ಅಲ್ಲ, ಲೋಡ್ ಇಂಡೆಕ್ಸ್. ಪಟ್ಟಿ ನೋಡಿದರೆ, ತಕ್ಕ ಗಾಳಿ ತುಂಬಿದ ಒಂದು ಟೈರು 710 ಕಿಲೋ ಹೊರುತ್ತದೆಂದು ಅರ್ಥ. 'ಎಸ್' ಎಂದರೆ ಗಂಟೆಗೆ 180 ಕಿಲೋಮೀಟರ್ ವೇಗದವರೆಗೆ ಸೈ. ಇದೇ ರಸ್ತೆಯಲ್ಲಿ ಮಾಜಿವಾಡಾದಿಂದ ಗಾಯ್‌ಮುಖದವರೆಗೆ ಈ ಅಕ್ಷರಕ್ಕೆ ಪ್ರಯೋಗವೇ ಸಿಗದ ಕಾರಣ ಇದನ್ನು ಪ್ರಕ್ಷಿಪ್ತವೆಂದು ಬಿಡಬಹುದು.

ಇನ್ನು ಪೂರ್ವಪಕ್ಷ. ಮಾಲೀಕರ ವಾದ: ಮೆಟ್ರೋ ಕಾಮಗಾರಿ, ಮಳೆ, ಗುಜರಾತಿನತ್ತ ಹೋಗುವ ಕಂಟೇನರ್ ಲಾರಿಗಳು ಮೂರೂ ಕೂಡಿ ತೋಡಿದ ಗುಂಡಿಗಳಿಗೆ 96 ಸಾಲದು, 'ಟೆನ್ ಪ್ಲೈ' ಬೇಕು. ಕಾಪುರ್‌ಬಾವ್ಡಿಯ ಟೈರ್ ಅಂಗಡಿಯವ ಇದನ್ನು ಅನುಮೋದಿಸುತ್ತಾನೆ. ಅವನು ಅನುಮೋದಿಸದ ದುಬಾರಿ ಟೈರು ಯಾವುದೂ ಇಲ್ಲ.

ಸಿದ್ಧಾಂತಿಯ ಉತ್ತರ ಹೀಗಿದೆ. 'ಟೆನ್ ಪ್ಲೈ' ಎಂಬುದು ಬಿರುದು. ಹತ್ತಿನೂಲಿನ ಪದರಗಳನ್ನು ನಿಜವಾಗಿ ಎಣಿಸುತ್ತಿದ್ದ ಕಾಲ ಹೋಯಿತು. ಈಗ ಒಳಗೆ ಹತ್ತು ಪದರ ಇರುವುದಿಲ್ಲ, ಅಷ್ಟರ ಬಲ ಇದೆಯೆಂಬ ಮಾತಷ್ಟೆ. ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿ ಮೇಲೆ ಬಂದ ಇದೇ ಠಾಣೆ ಕಡೆಯ ಶಿಲಾಹಾರರು ಆಳಿದ್ದು ಕೊಂಕಣ, ಹೇಳಿಕೊಂಡದ್ದು 'ತಗರಪುರಪರಮೇಶ್ವರ', ಅಂದರೆ ಘಟ್ಟದಾಚೆಯ ತಗರ ಪಟ್ಟಣದ ಒಡೆಯರು ಎಂದು. ಆ ಬಿರುದು ಸಾಕಲು ಖರ್ಚಿರಲಿಲ್ಲ, ಟೈರಿನದಕ್ಕೆ ಇದೆ. ಹತ್ತು ಪ್ಲೈನ ಪೂರ್ಣ ಬಲ ಹೊರಡುವುದು ಸಾಮಾನ್ಯವಾಗಿ 80 ಪಿಎಸ್‌ಐ ಗಾಳಿಯಲ್ಲಿ. ಜಿಮ್ನಿಯಂಥ ಹಗುರ ಗಾಡಿಗೆ ಅಷ್ಟು ತುಂಬಿದರೆ ಗುಂಡಿಯ ಏಟು ಟೈರಿನ ಬದಲು ಮಾಲೀಕರ ಸೊಂಟಕ್ಕೆ ಬೀಳುತ್ತದೆ.

ಲೆಕ್ಕವನ್ನೂ ನೋಡೋಣ. ನಾಲ್ಕು ಟೈರು ಸೇರಿ 2,840 ಕಿಲೋ ಹೊರಬಲ್ಲವು. ಆದರೆ ಗಾಡಿಗೆ ಹೊರೆ ಸಮೇತ ಅನುಮತಿ ಇರುವುದು 1,545 ಕಿಲೋಗೆ. ಅದರಲ್ಲಿ ಸುಮಾರು 1,200 ಗಾಡಿಯದೇ ತೂಕ. ಉಳಿದ 345ರಲ್ಲಿ ಎಪ್ಪತ್ತು ಕಿಲೋದ ನಾಲ್ವರು ಕೂತರೆ ಮಿಕ್ಕುವುದು 65. ಊರಿಂದ ಹೊರಡುವಾಗ ಅತ್ತೆಯವರು ಇಪ್ಪತ್ತೈದು ಕಿಲೋದ ಕುಚ್ಚಲಕ್ಕಿ ಚೀಲ ಎರಡು ಇಟ್ಟು, "ಹಲಸಿನ ಹಣ್ಣು ಎರಡೇ ಎರಡು, ಎಂತ ಭಾರ ಆತ್ತ್ ಮಾರಾಯಾ" ಅಂದರೆ ಲೆಕ್ಕ ಅಲ್ಲಿಗೆ ಮುಗಿಯಿತು. ಟೈರಿನ ಇಂಡೆಕ್ಸ್ 120ಕ್ಕೆ, ಅಂದರೆ 1,400 ಕಿಲೋಗೆ, ಏರಿಸಿದರೂ ಸ್ಪ್ರಿಂಗು, ಆಕ್ಸಲ್, ಬ್ರೇಕುಗಳು ಅದನ್ನು ಓದುವುದಿಲ್ಲ. ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇಂಡೆಕ್ಸ್ ಹಾಕಬಾರದು, ಸರಿ. ಎರಡು ಮೂರು ಅಂಕಿ ಹೆಚ್ಚಿದ್ದರೆ ನಷ್ಟವಿಲ್ಲ. ಕೆಸರಿಗೆಂದು ಗಾಳಿ ಇಳಿಸಿದವರು ಮಾತ್ರ ಡಾಂಬರಿಗೆ ಬಂದೊಡನೆ ಮತ್ತೆ ತುಂಬಬೇಕು. ಗಾಳಿ ಇಳಿದಷ್ಟೂ ಆ 710 ಕೂಡ ಇಳಿಯುತ್ತದೆ, ಟೈರು ಕಾಯುತ್ತದೆ.

ಶಾಪಾಶಯ: ಶಿಲಾಹಾರರ ಕಾಲದ ಕೊಂಕಣದಲ್ಲಿ ದಾನಕ್ಕೆ ತಪ್ಪುವವರಿಗೆ ಶಾಪವಾಗಿ ಕತ್ತೆಯ ಚಿತ್ರ ಕೆತ್ತಿದ 'ಗಧೇಗಳ್' ಕಲ್ಲು ನಿಲ್ಲಿಸುತ್ತಿದ್ದರು. ಟೈರಿನಲ್ಲಿ ಚಿತ್ರವಿಲ್ಲ; ಹೊರೆ ಹೆಚ್ಚಿದರೆ, ಗಾಳಿ ಕಡಿಮೆಯಾದರೆ ಪ್ರಾಣಾಪಾಯವೆಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಕತ್ತೆ ಇದ್ದಿದ್ದರೆ ನಾಲ್ಕು ಜನ ಬಗ್ಗಿ ನೋಡುತ್ತಿದ್ದರು.

ಮೂಲಪಾಠ ಚಾಲಕನ ಬಾಗಿಲ ಚೌಕಟ್ಟಿನ ಪಟ್ಟಿಯಲ್ಲಿದೆ. ಅದರ ಮೇಲೆ ಕೊಲ್ಲೂರಿನ ಸ್ಟಿಕ್ಕರ್ ಅಂಟಿಸಿರುವುದರಿಂದ ಗಾಳಿಯ ಅಂಕಿ ಇರುವ ಸಾಲು ತ್ರುಟಿತ.