ಬದನಿಕಾಯಿ ಬುಟ್ಟಿ

ಮುಗಳಖೋಡದಾಗ ಕೂಸಿನ ಮೊದಲ ಫೋಟೋ ಅಂದ್ರ ತೊಟ್ಟಿಲ ಕಾರ್ಯದ್ದು: ತಲಿಗೆ ಕುಂಚಿಗಿ, ಗಲ್ಲಕ್ಕ ದೃಷ್ಟಿಬೊಟ್ಟು, ಸುತ್ತ ಗದ್ದಲ. ಈಗ ಹುಟ್ಟಿ 14 ದಿನದೊಳಗ ಸ್ಟುಡಿಯೋಕ್ಕ ಒಯ್ಯಬೇಕಂತ. ಆಗ ಕೂಸು ಹೆಚ್ಚು ಮಲಗತೈತಿ, ಹೊಟ್ಟ್ಯಾಗಿದ್ದಂಗ ಮೈ ಮುದುಡತೈತಿ. ಕೋಣಿ ಬೆಚ್ಚಗ; ಗರ್ಭದ ಸಪ್ಪಳದಂಥ ‘ಶ್ಶ್’ ಬಿಟ್ರ ಪಿಟ್ಟೆನ್ನಂಗಿಲ್ಲ.

ನಮ್ಮ ಕೂಸಿನ ಜೋಡಿ ಆಯಿನೂ ಹೊಂಟಳು. ಬುಟ್ಟ್ಯಾಗ ಮಲಗಿಸಿದ್ದು ಕಂಡು, “ಯಪ್ಪಾ, ಕೂಸೇನು ಬದನಿಕಾಯೇನೋ?” ಅಂದಳು. ಅಂಗೈಮ್ಯಾಲ ಗದ್ದ ಇಟ್ಟ ಕಪ್ಪಿ ಭಂಗಿ ಒಂದೇ ಫೋಟೋ ಅಲ್ಲ. ಕೂಸನ್ನ ಹಿಡಕೊಂಡೇ ಎರಡು ತಗದು, ಹಿಡಿದ ಕೈ ಅಳಿಸಿ ಕೂಡಸತಾರ. “ನನ್ನ ಕೈ ಅಳಿಸಿಗಿಳಿಸೀಯ!” ಅಂದಳು ಆಯಿ.

ಎರಡು ತಾಸು ಶಾಂತಿ. ಕಡೀಕ ಕೂಸು ಬಿಳಿ ಹಾಸಿಗಿ ಒದ್ದಿ ಮಾಡಿ ನಿದ್ದ್ಯಾಗ ನಕ್ಕಿತು.

ಫೋಟೋ ಬಂತು, ದೃಷ್ಟಿಬೊಟ್ಟು ಮಾಯ. ಆಯಿ ಈಗ ಫ್ರೇಮಿನ ಗಾಜಿಗೇ ಕಾಡಿಗಿ ಹಚ್ಚ್ಯಾಳ.