ದುಡ್ಡು ಕಟ್ಟಿ ಆಡದ ಪುಣ್ಯಾತ್ಮರು

ಓಟಿಟಿಯವರ ಬದುಕು ಸುಖದ್ದು ಸ್ವಾಮಿ. ಒಂದು ಸಿನಿಮಾ ಸರ್ವರಿಗೆ ಹಾಕಿಟ್ಟರೆ ಲಕ್ಷ ಜನ ನೋಡಿದರೂ ಅದೇ ಫೈಲು. ವಿಡಿಯೊ ಗೇಮ್ ಸ್ಟ್ರೀಮಿಂಗಿನವರ ಪಾಡು ಹಾಗಲ್ಲ. ನೀವು ಇಲ್ಲಿ ಬಟನ್ ಒತ್ತಿದಾಗಲೆಲ್ಲ ಅಲ್ಲೆಲ್ಲೋ ಡೇಟಾ ಸೆಂಟರಿನಲ್ಲಿ ದುಬಾರಿ ಗ್ರಾಫಿಕ್ಸ್ ಚಿಪ್ಪು ನಿಮಗೋಸ್ಕರವೇ ಬೆವರು ಸುರಿಸಬೇಕು. ನೀವು ಏಳುವತನಕ ಅದಕ್ಕೂ ಬಿಡುವಿಲ್ಲ. ಅಂದಮೇಲೆ ಚಂದಾ ಕಟ್ಟಿ ಆಡದೇ ಇರುವವನೇ ಈ ವ್ಯಾಪಾರದ ಮನೆದೇವರು! ಇದನ್ನು ಬಾಯಿಬಿಟ್ಟು ಹೇಳಲಾಗದೆ ತರಾವರಿ ರೇಟ್ ಕಾರ್ಡು ಬರೆಯುತ್ತಾರೆ.

ಅಮೆರಿಕದ ಆನ್‌ಲೈವ್ 2010ರಲ್ಲಿ ತಿಂಗಳಿಗೆ 14.95 ಡಾಲರ್ ಅಂದಿತು. ಆ ವರ್ಷ ಮುಗಿಯುವುದರೊಳಗೆ ‘ಅದೇನೂ ಬೇಡ, ಆಟದ ದುಡ್ಡು ಕೊಟ್ಟರೆ ಸಾಕು’ ಅಂದಿತು. 2015ರಲ್ಲಿ ಅಂಗಡಿಯೇ ಮುಚ್ಚಿತು. ಸೋನಿ 2014ರಲ್ಲಿ 4 ಗಂಟೆಗಿಷ್ಟು, 7 ದಿನಕ್ಕಿಷ್ಟು ಎಂದು ಬಾಡಿಗೆ ಹಚ್ಚಿ ನೋಡಿತು. ಮರುವರ್ಷ ತಿಂಗಳಿಗೆ 19.99 ಡಾಲರ್, 2019ರಲ್ಲಿ ಅದರರ್ಧ.

ಗೂಗಲ್ಲಿನ ಸ್ಟೇಡಿಯಾದ್ದು ಇನ್ನೂ ಸೊಗಸು. 2019ರಲ್ಲಿ ಬಂತು. 9.99 ಡಾಲರ್ ಚಂದಾ ಕಟ್ಟಿದರೆ 4ಕೆ ಚಿತ್ರ, ಜೊತೆಗೆ ಒಂದಷ್ಟು ಆಟ. ಹೊಸ ಆಟ ಬೇಕೆ? ಪೂರ್ತಿ ಬೆಲೆ ತೆತ್ತು ಕೊಳ್ಳಿ. ಛತ್ರಕ್ಕೆ ಬಾಡಿಗೆಯನ್ನೂ ಕೊಟ್ಟು, ಪಾತ್ರೆಪಡಗವನ್ನೂ ಕೊಂಡು, ಕೊನೆಗೆ ಅವನ್ನು ಛತ್ರದಲ್ಲೇ ಬಿಟ್ಟು ಬರುವ ಮದುವೆ ಇದು. 2023ರ ಜನವರಿಯಲ್ಲಿ ಛತ್ರಕ್ಕೇ ಬೀಗ ಬಿತ್ತು. ಗೂಗಲ್ ಮರ್ಯಾದಸ್ಥ, ಪಾತ್ರೆಯ ದುಡ್ಡು ವಾಪಸ್ಸು ಕೊಟ್ಟಿತು, ಬಾಡಿಗೆಯದ್ದು ಮಾತ್ರ ಕೇಳಬೇಡಿ ಅಂದಿತು.

ಎನ್ವಿಡಿಯಾ ಜಾಣ. ‘ಆಟ ನೀವೇ ಬೇರೆ ಕಡೆ ಕೊಂಡು ತನ್ನಿ, ಯಂತ್ರ ಮಾತ್ರ ನಮ್ಮದು’ ಎನ್ನುವ ಲೆಕ್ಕ. ಪುಕ್ಕಟೆ ಆಡುತ್ತೀರಾ? ಕ್ಯೂನಲ್ಲಿ ನಿಲ್ಲಿ, ಒಂದು ಗಂಟೆಗೆ ಎದ್ದೇಳಿ. ದುಡ್ಡು ಕಟ್ಟುತ್ತೀರಾ? ಬನ್ನಿ, ಕೂತುಕೊಳ್ಳಿ. ಹಾಗಂತ ಬೇರು ಬಿಡಬೇಡಿ! 2025ರಿಂದ ಹೊಸದಾಗಿ ಸೇರಿದವರಿಗೆ ತಿಂಗಳಿಗೆ 100 ಗಂಟೆಯ ಮಿತಿ. ಮೀರಿದರೆ ಇನ್ನು 15 ಗಂಟೆಗೆ ಬೇರೆ ರೇಟು. ಬಹುತೇಕರಿಗೆ ಇಷ್ಟು ಸಾಕೋ ಸಾಕು ಎಂಬುದು ಕಂಪನಿಯ ಸಮಾಧಾನ. ಅಂದರೆ ಬಹುತೇಕರು ಅಷ್ಟು ಆಡುವುದೇ ಇಲ್ಲ ಎಂದಾಯಿತಲ್ಲ!

ಮೈಕ್ರೋಸಾಫ್ಟಿಗೆ ಗಂಟೆ ಎಣಿಸುವ ತಾಪತ್ರಯವೇ ಬೇಡವಾಗಿತ್ತು. ಅದರ ಗೇಮ್ ಪಾಸ್ ಅಲ್ಟಿಮೇಟ್ 2019ರಲ್ಲಿ 14.99 ಡಾಲರ್ ಇತ್ತು, 2025ರ ಅಕ್ಟೋಬರಿನಲ್ಲಿ 29.99. ಆಡುವವನೂ ಕಟ್ಟಲಿ, ಮಲಗುವವನೂ ಕಟ್ಟಲಿ.

ನ್ಯಾಯವಾಗಿ ಈ ಕಂಪನಿಗಳೆಲ್ಲ ಒಟ್ಟಾಗಿ, ಆರು ತಿಂಗಳಿಂದ ಲಾಗಿನ್ನೇ ಆಗದೆ ಚಂದಾ ಕಟ್ಟುತ್ತಿರುವ ಮಹನೀಯರನ್ನು ಹುಡುಕಿ, ವೇದಿಕೆ ಹತ್ತಿಸಿ, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡಬೇಕು. ಸನ್ಮಾನದ ಖರ್ಚೇನೂ ಕಂಪನಿಗೆ ಭಾರವಲ್ಲ. ಮುಂದಿನ ತಿಂಗಳಿನಿಂದ ಚಂದಾ ಏರಿಸಿದರಾಯಿತು.