ಮೈಸೂರಿನ ಓನರುಗಳಿಗೆ ಬೆಂಗಳೂರಿನ ಓನರೊಬ್ಬನ ಅಕ್ಕರೆಯ ಪತ್ರ

ಮೈಸೂರಿನ ಕುವೆಂಪುನಗರ, ಬೋಗಾದಿ, ಹೂಟಗಳ್ಳಿ, ವಿಜಯನಗರದ ಸಮಸ್ತ ಮನೆ ಓನರುಗಳಿಗೆ ದೊಡ್ಡತೋಗೂರು ಕಡೆಯವನೊಬ್ಬ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ. ಮಳೆ ಬಂದ ದಿನ ಬಿಟ್ಟರೆ ಇಲ್ಲಿ ಎಲ್ಲರೂ ಕ್ಷೇಮ.

ನಿಮ್ಮ ಊರಿಗೂ ಐಟಿ ಕಂಪನಿಗಳನ್ನು, ಅವುಗಳ ಹಿಂದೆ ಪದವೀಧರರನ್ನು ಕರೆಸುವ ಏರ್ಪಾಡಾಗಿದೆ, ಅದಕ್ಕೆ ‘ಬಿಯಾಂಡ್ ಬೆಂಗಳೂರು’ ಅಂತ ಸರ್ಕಾರದವರು ಹೆಸರು ಬೇರೆ ಇಟ್ಟಿದ್ದಾರೆ ಎಂದು ಪೇಪರಿನಲ್ಲಿ ಓದಿ ಕಣ್ಣು ತುಂಬಿ ಬಂತು. ಇಷ್ಟು ದಿನ ನಿಮ್ಮದು ಪಾಪದ ಬದುಕು ಸ್ವಾಮಿ. ಇನ್ಫೋಸಿಸ್‌ನವರು ನಿಮ್ಮೂರ ಹೆಬ್ಬಾಳದ ಕ್ಯಾಂಪಸ್ಸಿಗೆ ಸಾವಿರಾರು ಹೊಸ ಹುಡುಗರನ್ನು ಕರೆಸಿ, ಅಲ್ಲೇ ಉಣ್ಣಿಸಿ, ಅಲ್ಲೇ ಮಲಗಿಸಿ, ತರಬೇತಿ ಮುಗಿದ ಮೇಲೆ ಬೇರೆ ಊರಿಗೆ ಬಸ್ಸು ಹತ್ತಿಸುತ್ತಿದ್ದರು. ಪಕ್ಕದ ಮನೆಯ ಮದುವೆ ಊಟದ ವಾಸನೆ ಕುಡಿದುಕೊಂಡು ಕೂತಿದ್ದಿರಿ.

ನಮ್ಮ ಕಥೆ ಕೇಳಿ. 1978ರಲ್ಲಿ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರು ಕೋನಪ್ಪನ ಅಗ್ರಹಾರದ ಬಯಲಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಮಾಡುತ್ತೇವೆ ಅಂದಾಗ ನಮ್ಮಪ್ಪ ರಾಗಿ ಹೊಲದ ಬದುವಿನ ಮೇಲೆ ಕೂತು ನಕ್ಕರು. 1985ರಲ್ಲಿ ಬೆಂಗಳೂರಿಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು, ಆಗಲೂ ನಕ್ಕರು. ಆಮೇಲೆ ನಗುವ ಸರದಿ ನನ್ನದು. 2001ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ 65 ಲಕ್ಷ ಜನ, 2011ಕ್ಕೆ 96 ಲಕ್ಷ. ಹೆಚ್ಚಾದ 31 ಲಕ್ಷದಲ್ಲಿ ಒಂದಷ್ಟು ಮಂದಿಯಾದರೂ ನನ್ನ ಗೇಟು ತಟ್ಟಲೇಬೇಕಲ್ಲ? ಹೊಲ ಹೋಗಿತ್ತು, ಮೂವತ್ತು-ನಲವತ್ತರ ಸೈಟೊಂದು ಉಳಿದಿತ್ತು. ಅದರ ಮೇಲೆ ಐದು ಮಹಡಿ ಎದ್ದಿದೆ. ನಕ್ಷೆಯಲ್ಲಿ ಎಷ್ಟು ಮಹಡಿ ಅಂತ ಕೇಳಬೇಡಿ, ಪತ್ರ ಬಹಿರಂಗದ್ದು.

ಗುಟ್ಟು ಇಷ್ಟೇ. ಕಂಪನಿಗೆ ಜಾಗ, ರಸ್ತೆ, ತೆರಿಗೆ ರಿಯಾಯಿತಿ ಎಲ್ಲವನ್ನೂ ಸರ್ಕಾರ ಯೋಚಿಸುತ್ತದೆ. ಬೆಂಗಳೂರು ಬಿಟ್ಟು ಹೋಗುವ ಕಂಪನಿಗೆ ಕಚೇರಿ ಬಾಡಿಗೆಯಲ್ಲೂ ಒಂದು ಪಾಲು ವಾಪಸ್ ಕೊಡುವ ಯೋಜನೆಯಿದೆ. ಆ ಕಚೇರಿಯಲ್ಲಿ ಕೂರುವ ಹುಡುಗ ರಾತ್ರಿ ಎಲ್ಲಿ ಮಲಗುತ್ತಾನೆ ಅನ್ನುವುದನ್ನು ಮಾತ್ರ ಯಾವ ಕಡತವೂ ಕೇಳುವುದಿಲ್ಲ. ನಮ್ಮ ಅನ್ನ ಹುಟ್ಟುವುದು ಅಲ್ಲೇ.

ಅಡ್ವಾನ್ಸ್ ಹತ್ತು ತಿಂಗಳದ್ದು ಕೇಳಿ, ಕಣ್ಣು ಮಿಟುಕಿಸದೆ ಕೇಳಿ. ಎರಡು ತಿಂಗಳು ಮೀರಬಾರದು ಅಂತ ಕೇಂದ್ರದವರು 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಮಾಡಿದ್ದಾರೆ, ನಿಜ. ಆದರೆ ಅದು ಮಾದರಿ. ರಾಜ್ಯ ಒಪ್ಪಿದರೆ ಮಾತ್ರ ಕಾನೂನು. ಕರಾರು ಹನ್ನೊಂದೇ ತಿಂಗಳು, ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸುವ ರಗಳೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳಿ. ಪೇಂಟ್ ಹೊಡೆಸಬೇಕೆಂದೇನಿಲ್ಲ.

ಸಣ್ಣಪುಟ್ಟ ತೊಂದರೆಗಳು ಇದ್ದೇ ಇರುತ್ತವೆ. ನಮ್ಮ ಹಿಂದಿನ ಬೀದಿಯಲ್ಲಿ ಎಂಟು ಮನೆಯ ವಠಾರವಿತ್ತು: ಟೈಲರ್, ಆಟೋದವರು, ಗಾರೆ ಕೆಲಸದವರು. ಅದನ್ನು ಕೆಡವಿ ಪಿಜಿ ಎಬ್ಬಿಸಿದರು, ಒಂದು ರೂಮಿಗೆ ಮೂರು ಮಂಚ. ವಠಾರದಲ್ಲಿದ್ದ ನಮ್ಮ ಮನೆಗೆಲಸದ ಹೆಂಗಸು ಈಗ ಆನೇಕಲ್ ಆಚೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಾಳೆ. ಹತ್ತು ಗಂಟೆಯಾದರೂ ಪಾತ್ರೆ ತೊಳೆದಿರುವುದಿಲ್ಲ. ನಮ್ಮ ಕಷ್ಟ ಯಾರಿಗೆ ಹೇಳೋಣ?

ಕೆಳಗಿನ ಮನೆಯಲ್ಲಿ ಹನ್ನೆರಡು ವರ್ಷ ಕನ್ನಡ ಮೇಷ್ಟ್ರೊಬ್ಬರಿದ್ದರು. ಎಂ.ಎ., ಮೇಲೊಂದು ಬಿ.ಎಡ್. ಬಾಡಿಗೆ ಏರಿಸುತ್ತೇನೆ ಅಂದಾಗ, “ನಾನೂ ಪದವೀಧರನೇ ಅಲ್ವಾ ಸಾರ್, ಈ ಊರಿಗೆ ಬೇಕಾದವರ ಪಟ್ಟಿಯಲ್ಲಿ ನಾನಿಲ್ವಾ?” ಅಂದರು. ತಮಾಷೆಗೆ ಅಂದರೋ ಏನೋ. ಕರೆಸುವ ಪದವೀಧರರೇ ಬೇರೆ, ತಾವಾಗಿಯೇ ಇರುವ ಪದವೀಧರರೇ ಬೇರೆ ಅಂತ ನನಗೆ ಬಿಡಿಸಿ ಹೇಳಲು ಬರಲಿಲ್ಲ. ಮೇಷ್ಟ್ರು ಅತ್ತಿಬೆಲೆ ಕಡೆ ಹೋದರು. ಹೋಗುವಾಗ ಗೋಡೆಗೆ ತಾವೇ ಸುಣ್ಣ ಹೊಡೆಸಿ ಹೋದರು. ಆದರೂ ಪೇಂಟಿಂಗ್ ದುಡ್ಡು ಹಿಡಿದುಕೊಂಡೆ. ನಿಯಮ ಅಂದರೆ ನಿಯಮ.

ಅವರ ಹತ್ತಿರ ಅಕ್ಷರ ತಿದ್ದಿದ ನನ್ನ ಮಗ ಇಂಜಿನಿಯರಾಗಿದ್ದಾನೆ. ಕೆಲಸ ನಿಮ್ಮೂರಿನಲ್ಲೇ ಸಿಕ್ಕಿದೆ. ಮೂರು ವಾರದಿಂದ ಮನೆ ಹುಡುಕುತ್ತಿದ್ದಾನೆ. ಬೋಗಾದಿಯಲ್ಲೊಬ್ಬರು ಹತ್ತು ತಿಂಗಳ ಅಡ್ವಾನ್ಸ್ ಕೇಳಿ, ಬ್ಯಾಚುಲರ್ ಅಂತ ತಿಳಿದ ಮೇಲೆ ಬಾಗಿಲು ಹಾಕಿಕೊಂಡರಂತೆ. ಈ ಪತ್ರ ಕೈಸೇರುವ ಮೊದಲೇ ನೀವು ಇಷ್ಟು ಕಲಿತಿದ್ದೀರಿ ಎಂದು ಹೆಮ್ಮೆಪಡಬೇಕೋ ಏನೋ. ಹುಡುಗ ಒಳ್ಳೆಯವನು, ಮೊಳೆ ಹೊಡೆಯುವುದಿಲ್ಲ, ರಾತ್ರಿ ಹತ್ತರೊಳಗೆ ಮನೆ ಸೇರುತ್ತಾನೆ. ಮೇಲೆ ಬರೆದ ಹತ್ತು ತಿಂಗಳ ವಿಷಯವನ್ನು ಅವನ ನಂತರ ಬರುವವರಿಂದ ಶುರು ಮಾಡಿದರೆ ಉಪಕಾರವಾಗುತ್ತದೆ.

ಇಂತಿ ನಿಮ್ಮವನೇ ಆದ,
ಐದು ಮಹಡಿಯ ಓನರ್

ತಾ.ಕ.: ಪೇಂಟಿಂಗ್ ದುಡ್ಡನ್ನೂ.